ಸಿಪ್ಯಾಪ್ ಅಂದರೆ ಏನು?

ದಿನ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಕರೆದುಕೊಂಡು ಹೋದ ಮೇಲೆ, ಹೊರಗೆ ಕಾಯುತ್ತಾ ಕೂತವರ ಕಿವಿಗೆ ಬೀಳುವ ಮೊದಲ ಮಾತುಗಳಲ್ಲಿ ಇದೂ ಒಂದು: "ಮಗುವಿಗೆ ಸಿಪ್ಯಾಪ್ ಹಾಕಿದ್ದೇವೆ." ಮನೆಯವರು ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವಷ್ಟರಲ್ಲಿ "ಮಗು ವೆಂಟಿಲೇಟರ್ ಮೇಲಿದೆಯಂತೆ" ಆಗಿಬಿಡುತ್ತದೆ. ಎರಡೂ ಬೇರೆ ಬೇರೆ. ಈ ವ್ಯತ್ಯಾಸ ಮೊದಲೇ ಗೊತ್ತಿದ್ದರೆ ಆ ಮೊದಲ ರಾತ್ರಿಯ ಭಯ ಸ್ವಲ್ಪವಾದರೂ ಕಡಿಮೆಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಂಟಿನ್ಯುಯಸ್ ಪಾಸಿಟಿವ್ ಏರ್‌ವೇ ಪ್ರೆಶರ್ ಎನ್ನುವುದರ ಚಿಕ್ಕ ರೂಪ ಸಿಪ್ಯಾಪ್. ಉಸಿರಿನ ದಾರಿಯಲ್ಲಿ ಸದಾ ಸ್ವಲ್ಪ ಗಾಳಿಯ ಒತ್ತಡ ಇರುವಂತೆ ನೋಡಿಕೊಳ್ಳುವುದು ಎಂದು ಅರ್ಥ. ಮಗು ಉಸಿರು ಎಳೆದುಕೊಳ್ಳುವಾಗಲೂ ಆ ಒತ್ತಡ ಇರುತ್ತದೆ, ಬಿಡುವಾಗಲೂ ಇರುತ್ತದೆ. ಉಸಿರಾಡುವುದು ಮಾತ್ರ ಮಗುವೇ. ವೆಂಟಿಲೇಟರ್ ಆದರೆ ಗಂಟಲಿನೊಳಗೆ ಇಳಿಸಿದ ಟ್ಯೂಬಿನ ಮೂಲಕ ಗಾಳಿಯನ್ನು ತಳ್ಳಿ, ಮಗುವಿನ ಬದಲು ಉಸಿರಾಟದ ಕೆಲಸವನ್ನೇ ಮಾಡಿಕೊಡುತ್ತದೆ. ಸಿಪ್ಯಾಪ್ ಮೂಗಿನ ಹತ್ತಿರವೇ ನಿಲ್ಲುತ್ತದೆ. ಎರಡು ಪುಟ್ಟ ಮೆತ್ತನೆಯ ನಳಿಗೆಗಳು ಅಥವಾ ಮೂಗಿನ ಮೇಲೆ ಕೂರುವ ಸಣ್ಣ ಮಾಸ್ಕ್, ಅಷ್ಟೇ. ಗಂಟಲಲ್ಲಿ ಟ್ಯೂಬ್ ಇಲ್ಲದ ಕಾರಣ ಮಗು ಅತ್ತರೆ ಸದ್ದು ಕೇಳಿಸುತ್ತದೆ.

ಸರಿ, ಈ ಒತ್ತಡ ಯಾಕೆ ಬೇಕು?

ಬಲೂನು ಊದಿದ್ದು ನೆನಪಿಸಿಕೊಳ್ಳಿ. ಮೊದಲ ಸಲ ಊದುವಾಗ ಕೆನ್ನೆ ನೋಯುತ್ತದೆ, ಒಮ್ಮೆ ಸ್ವಲ್ಪ ಉಬ್ಬಿದ ಮೇಲೆ ಸಲೀಸು. ಶ್ವಾಸಕೋಶದೊಳಗೆ ಇರುವ ಗಾಳಿಚೀಲಗಳೂ ಹಾಗೆಯೇ, ಪೂರ್ತಿ ಮುದುಡಿದ್ದರೆ ಬಿಡಿಸುವುದು ಬಹಳ ಕಷ್ಟ. ಅವುಗಳ ಒಳಗೋಡೆ ಒದ್ದೆ ಬೇರೆ. ಒದ್ದೆಯಾದ ಎರಡು ಪ್ಲಾಸ್ಟಿಕ್ ಹಾಳೆ ಹೇಗೆ ಅಂಟಿಕೊಳ್ಳುತ್ತವೋ ಹಾಗೆ ಅಂಟಿಕೊಳ್ಳಲು ನೋಡುತ್ತವೆ. ಇದನ್ನು ತಡೆಯಲು ಶ್ವಾಸಕೋಶವೇ ಸೋಪಿನ ಗುಣದ ಒಂದು ವಸ್ತುವನ್ನು ತಯಾರಿಸುತ್ತದೆ. ಅದರ ಹೆಸರು ಸರ್ಫ್ಯಾಕ್ಟೆಂಟ್. ಅದು ಇದ್ದರೆ ಉಸಿರು ಬಿಟ್ಟ ಮೇಲೂ ಗಾಳಿಚೀಲಗಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಹೊಟ್ಟೆಯಲ್ಲಿರುವ ಮಗು ಇದನ್ನು ತಯಾರಿಸಲು ಶುರು ಮಾಡುವುದು ಸುಮಾರು 24ನೇ ವಾರದ ಹೊತ್ತಿಗೆ, ಸಾಕಾಗುವಷ್ಟು ಆಗುವುದು 34-35ನೇ ವಾರದ ಹೊತ್ತಿಗೆ. ಹಾಗಾಗಿ 28 ವಾರಕ್ಕೇ ಹುಟ್ಟಿದ, ಒಂದು ಕಿಲೋ ಆಸುಪಾಸಿನ ಮಗುವಿಗೆ ಪ್ರತಿಯೊಂದು ಉಸಿರೂ ಖಾಲಿ ಬಲೂನನ್ನು ಮೊದಲ ಸಲ ಊದಿದ ಹಾಗೆ, ಅದೂ ನಿಮಿಷಕ್ಕೆ ಅರವತ್ತಕ್ಕಿಂತ ಜಾಸ್ತಿ ಸಲ. ಪಕ್ಕೆಲುಬುಗಳು ಇನ್ನೂ ಮೆತ್ತಗಿರುವುದರಿಂದ ಮಗು ಜೋರಾಗಿ ಉಸಿರೆಳೆದರೆ ಗಾಳಿ ಒಳಗೆ ಬರುವ ಬದಲು ಎದೆಯೇ ಒಳಗೆ ಹೋಗುತ್ತದೆ. ಮೂಗಿನ ಹೊಳ್ಳೆ ಅರಳುತ್ತದೆ. ಸ್ವಲ್ಪ ಹೊತ್ತಿಗೆ ಮಗು ದಣಿದುಬಿಡುತ್ತದೆ.

ಇಲ್ಲಿ ನನಗೆ ತುಂಬಾ ಮುಟ್ಟುವ ಒಂದು ವಿಷಯವಿದೆ. ಉಸಿರಿಗೆ ಕಷ್ಟಪಡುವ ಈ ಮಕ್ಕಳು ಉಸಿರು ಬಿಡುವಾಗ ಸಣ್ಣಗೆ ನರಳಿದಂಥ ಸದ್ದು ಮಾಡುತ್ತವೆ. ಗ್ರಂಟಿಂಗ್ ಎನ್ನುತ್ತಾರೆ. ನೋವಿಗೆ ನರಳುತ್ತಿದೆ ಎಂದು ನೋಡಿದವರಿಗೆ ಅನ್ನಿಸುತ್ತದೆ. ನಿಜವಾಗಿ ಮಗು ಗಂಟಲನ್ನು ಅರ್ಧ ಮುಚ್ಚಿಕೊಂಡು, ಗಾಳಿ ಒಮ್ಮೆಗೇ ಹೊರಗೆ ಹೋಗದಂತೆ ತಡೆದು, ಒಳಗೆ ಸ್ವಲ್ಪ ಒತ್ತಡ ಉಳಿಸಿಕೊಳ್ಳುತ್ತಿರುತ್ತದೆ. ಯಾರೂ ಕಲಿಸಿಲ್ಲ. ಹುಟ್ಟಿ ಒಂದು ಗಂಟೆಯೂ ಆಗಿರುವುದಿಲ್ಲ! ಗಂಟಲಿಗೆ ಟ್ಯೂಬ್ ಹಾಕಿ ಈ ನರಳಿಕೆ ನಿಂತಾಗ ಮಗುವಿನ ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾಗುವುದನ್ನು 1960ರ ದಶಕದ ಕೊನೆಯಲ್ಲಿ ವೈದ್ಯರು ಗಮನಿಸಿದರು. ಮಗು ತಾನೇ ಮಾಡಿಕೊಳ್ಳುತ್ತಿರುವ ಈ ಕೆಲಸವನ್ನು ನಾವೇ ಹೊರಗಿನಿಂದ ಮಾಡಿಕೊಟ್ಟರೆ? ಸಿಪ್ಯಾಪ್ ಎಂದರೆ ಅದೇ.

1971ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾರ್ಜ್ ಗ್ರೆಗರಿ ಮತ್ತು ಅವರ ಜೊತೆಯವರು ತೀವ್ರ ಉಸಿರಾಟದ ತೊಂದರೆಯಿದ್ದ 20 ಮಕ್ಕಳಿಗೆ ಹೀಗೆ ಒತ್ತಡ ಕೊಟ್ಟದ್ದನ್ನು ಪ್ರಕಟಿಸಿದರು. 16 ಮಕ್ಕಳು ಬದುಕಿದವು. ಆಗ ಬಹುಪಾಲು ಮಕ್ಕಳಿಗೆ ಟ್ಯೂಬಿನ ಮೂಲಕವೇ ಕೊಟ್ಟಿದ್ದು, ಮೂಗಿನ ನಳಿಗೆ ಆಮೇಲೆ ಬಂತು. ಈ 16ರ ಬೆಲೆ ತಿಳಿಯಬೇಕಾದರೆ ಎಂಟು ವರ್ಷ ಹಿಂದೆ ಹೋಗಬೇಕು. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿದ. ತೂಕ ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ಇದೇ ಕಾಯಿಲೆಯಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡ. ಸರ್ಫ್ಯಾಕ್ಟೆಂಟ್ ಕೊರತೆಯೇ ಕಾರಣ ಎಂದು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲೇ ತೋರಿಸಿದ್ದರು. ಕಾರಣ ಗೊತ್ತಿತ್ತು, ಕೊಡಲು ಏನೂ ಇರಲಿಲ್ಲ.

ಈಗ ಹೆಚ್ಚು ಕೇಳಿಬರುವುದು ಬಬಲ್ ಸಿಪ್ಯಾಪ್. ಇಷ್ಟು ಸರಳವಾದ ಉಪಕರಣ ಎನ್‌ಐಸಿಯುನಲ್ಲಿ ಇನ್ನೊಂದು ಸಿಗುವುದು ಕಷ್ಟ. ಬೆಚ್ಚಗೆ ಮಾಡಿ ತೇವ ಸೇರಿಸಿದ ಗಾಳಿ ಒಂದು ಪೈಪಿನಲ್ಲಿ ಮಗುವಿನ ಮೂಗಿಗೆ ಬರುತ್ತದೆ. ಹೊರಗೆ ಹೋಗುವ ಪೈಪಿನ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿರುತ್ತಾರೆ. ಐದು ಸೆಂಟಿಮೀಟರ್ ಮುಳುಗಿಸಿದರೆ ಐದು ಸೆಂಟಿಮೀಟರ್ ನೀರಿನಷ್ಟು ಒತ್ತಡ. ಸಾಮಾನ್ಯವಾಗಿ ಐದರಿಂದ ಎಂಟರೊಳಗೆ ಇಡುತ್ತಾರೆ. ಅದು ಎಷ್ಟು ಎಂದು ತಿಳಿಯಬೇಕಾ? ಒಂದು ಲೋಟ ನೀರಿನಲ್ಲಿ ಸ್ಟ್ರಾವನ್ನು ಐದು ಸೆಂಟಿಮೀಟರ್ ಮುಳುಗಿಸಿ, ಗುಳ್ಳೆ ಬರುವಷ್ಟೇ ಮೆಲ್ಲಗೆ ಊದಿ ನೋಡಿ. ಅಷ್ಟೇ ಬೇಕಾಗಿರುವುದು.

ಆ ಗುಳುಗುಳು ಸದ್ದು ನಿಲ್ಲಬಾರದು. ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ನಳಿಗೆ ಜಾರಿರಬಹುದು, ಮಗು ಬಾಯಿ ತೆರೆದಿರಬಹುದು. ಸಿಪ್ಯಾಪ್ ಗೆಲ್ಲುವುದು ನರ್ಸುಗಳ ಕೈಯಲ್ಲಿ ಎಂದು ನಾನು ಖಂಡಿತ ಹೇಳುತ್ತೇನೆ, ಯಾಕೆಂದರೆ ಅಳತೆ ಸರಿಯಿಲ್ಲದ ನಳಿಗೆ ಅಥವಾ ಒತ್ತಿಕೊಂಡು ಕೂತ ನಳಿಗೆ ಎರಡು ಹೊಳ್ಳೆಗಳ ನಡುವಿನ ಎಳೆ ಚರ್ಮವನ್ನು ಗಾಯ ಮಾಡಿಬಿಡುತ್ತದೆ, ಅದನ್ನು ಗಂಟೆಗಂಟೆಗೂ ನೋಡುವವರು ಅವರೇ. ಗಾಳಿ ಹೊಟ್ಟೆಗೂ ಹೋಗಿ ಹೊಟ್ಟೆ ಉಬ್ಬುತ್ತದೆ, ಅದಕ್ಕೆ ಬಾಯಿಯಿಂದ ಒಂದು ಸಣ್ಣ ಟ್ಯೂಬ್ ಹಾಕಿ ಗಾಳಿ ಹೊರಗೆ ಬಿಡುತ್ತಾರೆ. ಆ ಟ್ಯೂಬ್ ನೋಡಿ ಗಾಬರಿಯಾಗಬೇಡಿ.

ಇನ್ನೊಂದು ಗೊಂದಲ ಆಕ್ಸಿಜನ್ ಬಗ್ಗೆ. ಸಿಪ್ಯಾಪ್ ಎಂದರೆ ಆಕ್ಸಿಜನ್ ಕೊಡುವುದು ಎಂದುಕೊಳ್ಳುವವರೇ ಜಾಸ್ತಿ. ನಾವು ಉಸಿರಾಡುವ, 21 ಶೇಕಡಾ ಆಕ್ಸಿಜನ್ ಇರುವ ಮಾಮೂಲಿ ಗಾಳಿಯಿಂದಲೂ ಸಿಪ್ಯಾಪ್ ಕೊಡಬಹುದು. ಬೇಕಾದಷ್ಟು ಮಾತ್ರ ಆಕ್ಸಿಜನ್ ಬೆರೆಸುತ್ತಾರೆ. ಇಷ್ಟು ಚಿಕ್ಕ ಮಕ್ಕಳಿಗೆ ಆಕ್ಸಿಜನ್ ಜಾಸ್ತಿಯಾದರೆ ಕಣ್ಣಿನ ರೆಟಿನಾಗೆ ಹಾನಿಯಾಗಬಹುದು. ಮಾನಿಟರ್‌ನಲ್ಲಿ ಕಾಣುವ ರಕ್ತದ ಆಕ್ಸಿಜನ್ ಮಟ್ಟವನ್ನು 90ರಿಂದ 95 ಶೇಕಡಾದೊಳಗೆ ಇಡಲು ನೋಡುವುದು ಅದಕ್ಕೇ. ಆಕ್ಸಿಜನ್ ಕೊಡುತ್ತಿರುವಾಗ 100 ಕಂಡರೆ ನಮಗೆ ಖುಷಿ, ಅವರು ಮಾತ್ರ ಬಂದು ಆಕ್ಸಿಜನ್ ಇಳಿಸುತ್ತಾರೆ.

ಎಲ್ಲ ಮಕ್ಕಳಿಗೂ ಇದೊಂದೇ ಸಾಲುವುದಿಲ್ಲ. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 25ರಿಂದ 28 ವಾರಕ್ಕೆ ಹುಟ್ಟಿದ 610 ಮಕ್ಕಳಿದ್ದರು. ಸಿಪ್ಯಾಪ್‌ನಿಂದ ಶುರು ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮೊದಲ ಐದು ದಿನ ಟ್ಯೂಬ್ ಬೇಕಾಗಲೇ ಇಲ್ಲ. ಆದರೆ ಶ್ವಾಸಕೋಶದಿಂದ ಗಾಳಿ ಸೋರಿ ಎದೆಯಲ್ಲಿ ಸೇರಿಕೊಳ್ಳುವ ತೊಂದರೆ ಅವರಲ್ಲಿ 9 ಶೇಕಡಾ, ಮೊದಲೇ ಟ್ಯೂಬ್ ಹಾಕಿದವರಲ್ಲಿ 3 ಶೇಕಡಾ. ಹಾಗಾಗಿ ಡಾಕ್ಟರು ಕಣ್ಣಿಟ್ಟೇ ಇರುತ್ತಾರೆ. ಆಕ್ಸಿಜನ್ ಬೇಡಿಕೆ ಏರುತ್ತಾ ಹೋದರೆ ಸರ್ಫ್ಯಾಕ್ಟೆಂಟನ್ನೇ ಔಷಧಿಯಾಗಿ ಶ್ವಾಸನಾಳಕ್ಕೆ ಹಾಕುತ್ತಾರೆ. ಈಗ ಕ್ಯಾಥೆಟರ್ ಎಂಬ ತೆಳುವಾದ ಕೊಳವೆಯಿಂದ, ಸಿಪ್ಯಾಪ್ ತೆಗೆಯದೆಯೇ ಹಾಕುವ ವಿಧಾನವೂ ಇದೆ. ಮಗು ಉಸಿರಾಡುವುದನ್ನೇ ಮರೆತು ಸುಮ್ನೆ ಮಲಗಿಬಿಡುವುದೂ ಉಂಟು, ಅದಕ್ಕೆ ಕೆಫೀನ್ ಕೊಡುತ್ತಾರೆ. ಹೌದು, ಕಾಫಿಯಲ್ಲಿರುವ ಅದೇ ಕೆಫೀನ್. ಇಷ್ಟೆಲ್ಲ ಆಗಿಯೂ ವೆಂಟಿಲೇಟರ್ ಬೇಕಾದರೆ ಅದು ಯಾರ ಸೋಲೂ ಅಲ್ಲ, ಕೆಲವು ಮಕ್ಕಳಿಗೆ ಕೆಲವು ದಿನ ಅದು ಬೇಕೇ ಬೇಕು.

ಸಿಪ್ಯಾಪ್ ತೆಗೆಯುವ ದಿನವೂ ನೇರವಾಗಿ ಬರುವುದಿಲ್ಲ. ಬೆಳಿಗ್ಗೆ ತೆಗೆದದ್ದನ್ನು ಸಂಜೆ ಮತ್ತೆ ಹಾಕಬೇಕಾಗಬಹುದು, ಮಗು ದಣಿದಿದೆ ಅಷ್ಟೇ. ಅಲ್ಲಿಯವರೆಗೆ ಮಗುವನ್ನು ಮುಟ್ಟುವ ಹಾಗಿಲ್ಲ ಎಂದುಕೊಂಡು ಗಾಜಿನ ಹೊರಗೇ ನಿಲ್ಲಬೇಡಿ. ಮಗು ಸ್ವಲ್ಪ ಸ್ಥಿರವಾಗಿದ್ದರೆ, ಮೂಗಿನಲ್ಲಿ ನಳಿಗೆ ಇರುವಾಗಲೇ, ಬಾಟಲಿಯಲ್ಲಿ ಗುಳ್ಳೆ ಏಳುತ್ತಿರುವಾಗಲೇ ಅಮ್ಮನ ಅಥವಾ ಅಪ್ಪನ ಬರಿ ಎದೆಯ ಮೇಲೆ ಮಲಗಿಸಿಕೊಳ್ಳಬಹುದು. ಯಾವಾಗ ಆಗುತ್ತದೆ ಎಂದು ನರ್ಸನ್ನು ಇವತ್ತೇ ಕೇಳಿ.