ಮನೆ ಬಾಗಿಲಿಗೆ ಬಂದ ಲ್ಯಾಬ್

ಬೆಳಿಗ್ಗೆ ಆರೂವರೆಗೆ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಬೆಲ್ ಆಗುತ್ತದೆ. ಹೆಗಲಿಗೆ ಚೀಲ ಹಾಕಿಕೊಂಡ ಹುಡುಗ. ಅಮ್ಮನ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮುಷ್ಟಿ ತೆರೆದು ಮುಚ್ಚಿ ಮಾಡಿ ಎಂದು ಮರಾಠಿಯಲ್ಲಿ ಹೇಳುತ್ತಾನೆ. ನೇರಳೆ, ಬೂದು, ಹಳದಿ ಮುಚ್ಚಳದ ಮೂರು ಟ್ಯೂಬು ತುಂಬಿ, ಐಸ್ ಪ್ಯಾಕ್ ಇಟ್ಟ ಡಬ್ಬಿಗೆ ಹಾಕಿಕೊಂಡು ಹೊರಡುತ್ತಾನೆ. ಐದೇ ನಿಮಿಷದ ಕೆಲಸ.

ಮೊದಲು ಇದೇ ಕೆಲಸಕ್ಕೆ ಕತ್ತಲಿರುವಾಗಲೇ ಲೋಕಲ್ ರೈಲು ಹಿಡಿದು ಮುಂಬಯಿಯ ಪರೇಲ್‌ಗೆ ಹೋಗುತ್ತಿದ್ದೆವು. 1926ರಿಂದ ಬಡವರನ್ನು ಕಾಯುತ್ತಿರುವ ಕೆಇಎಂ ಆಸ್ಪತ್ರೆಯಲ್ಲಿ ಕೇಸ್ ಪೇಪರ್‌ಗೆ ಒಂದು ಸಾಲು, ರಕ್ತ ಕೊಡಲು ಇನ್ನೊಂದು ಸಾಲು. ಮಂಡಿನೋವಿನ ಅಮ್ಮನಿಗೆ ಅದೆಷ್ಟು ಕಷ್ಟವಾಗುತ್ತಿತ್ತು ಅಂತ ನಾನೇ ಕಂಡಿದ್ದೇನೆ. ಆದ್ದರಿಂದ ಮನೆಗೆ ಬರುವ ಲ್ಯಾಬ್ ನನಗೆ ನಿಜಕ್ಕೂ ದೊಡ್ಡ ಉಪಕಾರ.

ಇದು ಅಗ್ಗವಾಗಿದ್ದು ಹೇಗೆ? ಊರೂರಿನ ರಕ್ತವನ್ನು ಒಂದೇ ದೊಡ್ಡ ಲ್ಯಾಬಿಗೆ ತಂದು, ಯಂತ್ರಗಳನ್ನು ರಾತ್ರಿಯೆಲ್ಲ ಓಡಿಸಿದರೆ ಒಂದೊಂದು ಟೆಸ್ಟಿನ ಖರ್ಚು ಇಳಿಯುತ್ತದೆ. 1996ರಲ್ಲಿ ಶುರುವಾದ, ನವಿ ಮುಂಬಯಿಯ ಥೈರೋಕೇರ್ ಬೆಳೆದದ್ದು ಇದೇ ದಾರಿಯಲ್ಲಿ. 2021ರಲ್ಲಿ ಅದರ ದೊಡ್ಡ ಪಾಲನ್ನು ಕೊಂಡದ್ದು ಆನ್‌ಲೈನ್‌ನಲ್ಲಿ ಮಾತ್ರೆ ಮಾರುವ ಫಾರ್ಮ್‌ಈಸಿಯ ಮಾತೃ ಕಂಪನಿ. ಅದಕ್ಕೂ ಮೊದಲು, 2020ರ ಮಾರ್ಚ್‌ನಲ್ಲಿ, ಫೋನಿನಲ್ಲಿ ರೋಗಿಯನ್ನು ನೋಡಲು ಸರ್ಕಾರ ನಿಯಮ ಮಾಡಿತ್ತು. ಟೆಸ್ಟು, ಮಾತ್ರೆ, ಡಾಕ್ಟರು ಮೂರೂ ಈಗ ಮೊಬೈಲಿನಲ್ಲೇ ಸಿಗುತ್ತವೆ.

ಆದರೆ ಆಸ್ಪತ್ರೆಯ ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಹೋಗುತ್ತಿದ್ದ ರಕ್ತ ಈಗ ಬೈಕಿನಲ್ಲಿ, ಟ್ರಾಫಿಕ್‌ನಲ್ಲಿ ಹೋಗುತ್ತದೆ. ಇದನ್ನು ಸ್ವಲ್ಪ ಗಮನಿಸಬೇಕು.

ಕಳೆದ ಸಲ ಅಮ್ಮನ ರಿಪೋರ್ಟಿನಲ್ಲಿ ಪೊಟ್ಯಾಸಿಯಂ 6.1 ಎಂದು ಕೆಂಪಕ್ಷರದಲ್ಲಿತ್ತು. ಇರಬೇಕಾದ್ದು ಸುಮಾರು 3.5ರಿಂದ 5. ಜಾಸ್ತಿಯಾದರೆ ಹೃದಯದ ಬಡಿತವೇ ತಪ್ಪಬಹುದು. ಕೈಕಾಲು ತಣ್ಣಗಾಯಿತು. ನಮ್ಮ ಗಲ್ಲಿಯ ಡಾಕ್ಟರ ಹತ್ತಿರ ಓಡಿದೆವು. ಅಮ್ಮನ ಬಿಪಿ ಮಾತ್ರೆ ಪೊಟ್ಯಾಸಿಯಂ ಏರಿಸಬಲ್ಲದು ಅಂತ ಅವರಿಗೆ ಗೊತ್ತು. ಹಾಗಾಗಿ ಸುಮ್ನೆ ತಳ್ಳಿಹಾಕದೆ ಮೊದಲು ಇಸಿಜಿ ತೆಗೆದರು. ಅದು ಸರಿಯಾಗಿತ್ತು. ಪಕ್ಕದ ಲ್ಯಾಬಿನಲ್ಲಿ ಮತ್ತೆ ರಕ್ತ ಕೊಟ್ಟೆವು. ಈ ಸಲ 4.4!

ಆಮೇಲೆ ಅವರು ವಿಷಯ ಬಿಡಿಸಿ ಹೇಳಿದರು. ಕೆಂಪು ರಕ್ತಕಣದ ಒಳಗೆ ಪೊಟ್ಯಾಸಿಯಂ ಹೊರಗಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಇರುತ್ತದೆ. ಕಣದ ಗೋಡೆಯಲ್ಲಿರುವ ಪುಟ್ಟ ಪಂಪುಗಳು ಅದನ್ನು ಒಳಗೇ ಹಿಡಿದಿಡುತ್ತವೆ. ಕಣಗಳನ್ನು ಬೇರ್ಪಡಿಸದ ರಕ್ತ ಐಸಿಗೆ ತಾಗಿ ತಣ್ಣಗಾದರೆ ಪಂಪು ಮಂಕಾಗಿ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಕುಲುಕಾಟಕ್ಕೆ ಕಣ ಒಡೆದರೂ ಅಷ್ಟೇ. ಕೊನೆಗೆ, ಪಟ್ಟಿ ಕಟ್ಟಿದ ತೋಳಿನಲ್ಲಿ ಮುಷ್ಟಿ ತೆರೆದು ಮುಚ್ಚಿ ಮಾಡಿದರೂ ಸ್ನಾಯುಗಳಿಂದ ಪೊಟ್ಯಾಸಿಯಂ ರಕ್ತಕ್ಕೆ ಬರುತ್ತದೆ.

ಸಕ್ಕರೆಯದು ಇದರ ಉಲ್ಟಾ. ಬಿಸಿಲಲ್ಲಿ ತಡವಾದರೆ ಟ್ಯೂಬಿನೊಳಗಿನ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಅದನ್ನು ತಡೆಯಲೆಂದೇ ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಹಾಕಿರುತ್ತಾರೆ. ಆದರೂ ಮೊದಲ ಒಂದೆರಡು ಗಂಟೆ ಸಕ್ಕರೆ ಸ್ವಲ್ಪ ಇಳಿಯುತ್ತದೆ.

ಹತ್ತಾರು ಟೆಸ್ಟುಗಳನ್ನು ಒಟ್ಟಿಗೆ ಮಾರುವ ಪ್ಯಾಕೇಜಿನದು ಇನ್ನೊಂದು ಲೆಕ್ಕ. ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ 95 ಜನರ ಅಂಕಿ ಬೀಳುವ ಜಾಗವನ್ನೇ ಸರಿ ಎನ್ನುತ್ತಾರೆ. ಉಳಿದ ಐವರು ಚೆನ್ನಾಗಿದ್ದರೂ ಅವರಿಗೆ ಕೆಂಪಕ್ಷರ ತಪ್ಪಿದ್ದಲ್ಲ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿಸಿದರೆ, ಪೂರ್ತಿ ಆರೋಗ್ಯವಂತನಿಗೂ ಒಂದಾದರೂ ಕೆಂಪು ಬರುವ ಸಾಧ್ಯತೆ ಶೇ. 64. ಎಂಬತ್ತು ಟೆಸ್ಟಿನ ಪ್ಯಾಕೇಜ್ ತಗೊಂಡರೆ ಏನಾಗುತ್ತದೆ ಅಂತ ಊಹಿಸಬಹುದು, ಅಲ್ವಾ? ಆ ಕೆಂಪನ್ನು ಹಿಡಿದು ಜನ ಸ್ಕ್ಯಾನಿಗೆ, ಸ್ಪೆಷಲಿಸ್ಟ್ ಹತ್ತಿರ ಓಡುತ್ತಾರೆ.

ಸರ್ಕಾರ ಕೊಡುವ ಆಭಾ ಎಂಬ 14 ಅಂಕಿಯ ಆರೋಗ್ಯ ನಂಬರಿನಡಿ ರಿಪೋರ್ಟುಗಳನ್ನೆಲ್ಲ ಒಂದೆಡೆ ತರಬಹುದು. ಒಳ್ಳೆಯದೇ. ಆದರೆ ಆ ರಿಪೋರ್ಟಿನ ಪಕ್ಕ ಅಮ್ಮನ ಮಾತ್ರೆ, ವಯಸ್ಸು, ಉಪ್ಪಿನಕಾಯಿ ಚಪಲ ಎಲ್ಲವನ್ನೂ ಇಟ್ಟು ನೋಡುವ ಡಾಕ್ಟರು ಬೇಕೇ ಬೇಕು. ಗಲ್ಲಿಯ ಇಂಥ ಕ್ಲಿನಿಕ್‌ಗಳು ಒಂದೊಂದಾಗಿ ಮುಚ್ಚಿದರೆ ಏನು ಗತಿ ಎಂಬುದೇ ನನ್ನ ಚಿಂತೆ.

ಮೊನ್ನೆ ಹುಡುಗ ಮತ್ತೆ ಬಂದಿದ್ದ. ಪಟ್ಟಿ ಕಟ್ಟುತ್ತಿದ್ದ ಹಾಗೆ ಅಮ್ಮ ಅಂಗೈ ಬಿಚ್ಚಿ ಮೇಜಿನ ಮೇಲಿಟ್ಟರು. ಟ್ಯೂಬು ಲ್ಯಾಬ್ ಮುಟ್ಟುವುದು ಎಷ್ಟು ಹೊತ್ತಿಗೆ ಎಂದು ಕೇಳಿ, ಅವನು ಹೇಳಿದ ಸಮಯವನ್ನು ಕ್ಯಾಲೆಂಡರ್ ಮೇಲೆ ಬರೆದುಕೊಂಡರು.