ಓದುಗರ ಪ್ರಶ್ನೆ: ಮಗುವನ್ನು ಕಲಿಯುತ್ತಿರುವ ವೈದ್ಯರು ಮೊದಲು ನೋಡಿದರೆ ತೊಂದರೆಯೇ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕು. ಒಂದೂವರೆ ವರ್ಷದ ಮಗನಿಗೆ ಪದೇ ಪದೇ ನೆಗಡಿ, ಕೆಮ್ಮು ಬರುತ್ತದೆ. ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋದರೆ ಮೊದಲು ಚಿಕ್ಕ ವಯಸ್ಸಿನ ವೈದ್ಯರು ನೋಡುತ್ತಾರೆ, ಆಮೇಲೆ ಇನ್ನೊಬ್ಬರು ಬಂದು ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕಲಿಯುವವರ ಕೈಗೆ ಮಗುವನ್ನು ಏಕೆ ಕೊಡುತ್ತೀಯ ಎಂದು ಅತ್ತೆಯವರು ಬೇಸರಪಡುತ್ತಾರೆ. ಅಲ್ಲಿ ತೋರಿಸುವುದು ಸರಿಯೇ?

ಉತ್ತರ: ಸರಿ, ಆದರೆ ಚಿಕಿತ್ಸೆಯನ್ನು ಹಿರಿಯ ವೈದ್ಯರು ಮಗುವನ್ನು ನೋಡಿ, ಇಲ್ಲವೇ ಅವರೊಡನೆ ಚರ್ಚಿಸಿದ ಮೇಲೆ ತೀರ್ಮಾನಿಸಿರಬೇಕು. ಅದನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ; ಕೇಳಿದರೆ ಯಾರೂ ತಪ್ಪು ತಿಳಿಯಬೇಕಾಗಿಲ್ಲ.

ಅಲ್ಲಿ ನಿಮಗೆ ಎದುರಾಗುವ ಕಿರಿಯರೆಲ್ಲರೂ ಒಂದೇ ಹಂತದವರಲ್ಲ. ಎಂಬಿಬಿಎಸ್ ವಿದ್ಯಾರ್ಥಿಗಳು ಮಾತನಾಡಿಸಿ, ಪರೀಕ್ಷಿಸಿ ಕಲಿಯುತ್ತಾರೆಯೇ ಹೊರತು ಔಷಧ ಬರೆಯುವುದಿಲ್ಲ. ಹೌಸ್ ಸರ್ಜನ್ ಎಂದು ಜನ ಕರೆಯುವವರು ಓದು ಮುಗಿಸಿ, ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್‌ನಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವವರು. ಪಿಜಿ ವೈದ್ಯರಂತೂ ಎಂಬಿಬಿಎಸ್ ಪದವಿ ಪಡೆದು ನೋಂದಾಯಿತರಾದ ವೈದ್ಯರೇ. ಮಕ್ಕಳ ರೋಗಗಳಲ್ಲಿ 3 ವರ್ಷದ ಎಂಡಿ ವ್ಯಾಸಂಗ ಮಾಡುತ್ತಿರುತ್ತಾರೆ. ಇವರೆಲ್ಲರ ಮೇಲೆ ಪ್ರಾಧ್ಯಾಪಕ ವೈದ್ಯರಿರುತ್ತಾರೆ. ವಿದ್ಯಾರ್ಥಿಗಳ ಗುಂಪು ಮಗುವನ್ನು ಪರೀಕ್ಷಿಸುವುದು ಬೇಡವೆನಿಸಿದರೆ ಹಾಗೆಂದು ಹೇಳಬಹುದು. ಅದರಿಂದ ಚಿಕಿತ್ಸೆಗೆ ಅಡ್ಡಿಯಾಗಬಾರದು.

ಇನ್ನು ಅದೇ ಪ್ರಶ್ನೆಯನ್ನು ಮತ್ತೆ ಕೇಳುವ ವಿಚಾರ. ನಿಮ್ಮ ಮಗನಂಥ ಪ್ರಕರಣದಲ್ಲಿ ಇದು ಕಾಲಹರಣವಲ್ಲ, ಬಹುಪಾಲು ಉತ್ತರ ಅಲ್ಲಿಯೇ ಸಿಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ವಯಸ್ಸಿನ ಆರೋಗ್ಯವಂತ ಮಗುವಿಗೂ ವರ್ಷಕ್ಕೆ ಆರೆಂಟು ಬಾರಿ ನೆಗಡಿ ಬರುವುದುಂಟು. ಅವುಗಳಲ್ಲಿ ಹೆಚ್ಚಿನವು ವೈರಸ್‌ನಿಂದ ಬರುವುದರಿಂದ ಆ್ಯಂಟಿಬಯೋಟಿಕ್‌ನಿಂದ ಪ್ರಯೋಜನವಿಲ್ಲ. ಹಾಗಾದರೆ ಇದು ಸಾಮಾನ್ಯ ನೆಗಡಿಯೋ, ಉಬ್ಬಸದ ಆರಂಭವೋ, ಕ್ಷಯವೋ ಎಂದು ತಿಳಿಯುವುದು ಹೇಗೆ? ರಾತ್ರಿ ಕೆಮ್ಮು ಹೆಚ್ಚುತ್ತದೆಯೇ, ಎದೆಯಲ್ಲಿ ಸುಯ್‌ಗುಟ್ಟುವ ಸದ್ದು ಬರುತ್ತದೆಯೇ, ಮನೆಯಲ್ಲಿ ಸೌದೆ ಒಲೆಯ ಅಥವಾ ಬೀಡಿಯ ಹೊಗೆ ಇದೆಯೇ, ಹಿರಿಯರಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಕೆಮ್ಮು ಇದೆಯೇ ಎಂದು ಕೇಳಿಯೇ ತಿಳಿಯಬೇಕು. ಮೊದಲ ಬಾರಿ ಕೇಳಿದಾಗ ಮರೆತದ್ದು ಎರಡನೆಯ ಬಾರಿ ನೆನಪಾಗುವುದೂ ಇದೆ. ಹಗಲಿನಲ್ಲಿ ಮಗುವನ್ನು ನೋಡಿಕೊಳ್ಳುವವರು ಅತ್ತೆಯವರಾದರೆ ಅವರನ್ನೂ ಕರೆದುಕೊಂಡು ಹೋಗಿ. ಮಗು ಏನು ತಿನ್ನುತ್ತದೆ, ಯಾವಾಗ ಕೆಮ್ಮುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಬೇರೆಯವರು ಹೇಳಲಾರರು.

ಕಿರಿಯ ವೈದ್ಯರು ಮಗುವಿನ ಅಂಗಿ ಮೇಲೆತ್ತಿ ಗಡಿಯಾರ ನೋಡುತ್ತ ನಿಂತಿದ್ದರೆ ಅವಸರಪಡಿಸಬೇಡಿ. ಅವರು ಉಸಿರನ್ನು ಎಣಿಸುತ್ತಿರುತ್ತಾರೆ. ಶಾಂತವಾಗಿರುವ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. 1ರಿಂದ 5 ವರ್ಷದೊಳಗಿನ ಮಗುವಿನಲ್ಲಿ ಅದು 40 ಅಥವಾ ಹೆಚ್ಚಿದ್ದರೆ ನ್ಯುಮೋನಿಯಾ ಇರಬಹುದೆಂದು ಸಂಶಯಿಸುತ್ತಾರೆ. ಗದ್ದಲದ ಕ್ಲಿನಿಕ್‌ನಲ್ಲಿ ಮೊದಲು ಬಿಟ್ಟುಹೋಗುವುದೇ ಈ ಒಂದು ನಿಮಿಷ. ಔಷಧದ ಅಂಗಡಿಯಿಂದ ನೀವೇ ಕೆಮ್ಮಿನ ಸಿರಪ್ ತಂದು ಕುಡಿಸಬೇಡಿ. ನೆಗಡಿಗೆಂದು ಮಾರುವ ಕ್ಲೋರ್‌ಫೆನಿರಮೈನ್ ಮತ್ತು ಫೀನೈಲ್‌ಎಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿಯೇ ಸೂಚಿಸಿದ್ದಾರೆ. ಒಂದು ವರ್ಷ ದಾಟಿದ ಮಗುವಿಗೆ ಸ್ವಲ್ಪ ಜೇನುತುಪ್ಪ, ಬೆಚ್ಚಗಿನ ನೀರು ಸಾಕು.

ತಾಯಿ ಕಾರ್ಡನ್ನು ಪ್ರತಿ ಭೇಟಿಗೂ ಒಯ್ಯಿರಿ. ಅದರಲ್ಲಿನ ತೂಕದ ಗೆರೆ ಮೇಲಕ್ಕೆ ಹೋಗದೆ ಎರಡು ಮೂರು ತಿಂಗಳು ಚಪ್ಪಟೆಯಾಗಿದ್ದರೆ ಕೆಮ್ಮಿಗಿಂತ ಅದೇ ದೊಡ್ಡ ಸುಳಿವು. 16ರಿಂದ 24 ತಿಂಗಳ ನಡುವೆ ದಡಾರ-ರುಬೆಲ್ಲಾ ಎರಡನೆಯ ಡೋಸ್, ಡಿಪಿಟಿ ಮತ್ತು ಪೋಲಿಯೊ ಬೂಸ್ಟರ್ ಹಾಗೂ ಕೋಲಾರದಂತೆ ಮೆದುಳು ಜ್ವರ ಕಾಣಿಸಿಕೊಳ್ಳುವ ಜಿಲ್ಲೆಗಳಲ್ಲಿ ಅದರ ಎರಡನೆಯ ಡೋಸ್ ಬೀಳಬೇಕು. ಸಾಮಾನ್ಯ ನೆಗಡಿ ಇದೆಯೆಂದು ಲಸಿಕೆಯನ್ನು ಮುಂದೂಡಬೇಕಾಗಿಲ್ಲ.

ಕುಡಿಯುವ ನೀರು ಎಲ್ಲಿಯದು ಎಂದೂ ಕೇಳುತ್ತಾರೆ. ಅದು ಕೆಮ್ಮಿಗೆ ಸಂಬಂಧಿಸಿದ್ದಲ್ಲವಾದರೂ ನಮ್ಮ ಭಾಗಕ್ಕೆ ಮುಖ್ಯವಾದ ಪ್ರಶ್ನೆ. ಮಿತಿಮೀರಿದರೆ ಹಲ್ಲನ್ನು ಕೆಡಿಸುವ ಫ್ಲೋರೈಡ್ ಇಲ್ಲಿನ ಎಷ್ಟೋ ಕೊಳವೆಬಾವಿಗಳಲ್ಲಿ ಹೆಚ್ಚು. ಮುಂದೆ ಹುಟ್ಟುವ ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಈ ವರ್ಷಗಳಲ್ಲಿಯೇ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಕೆಲವು ಲಕ್ಷಣಗಳಿದ್ದಾಗ ಮಾತ್ರ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲಬೇಡಿ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ಏನನ್ನೂ ಕುಡಿಯಲಾರದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಪರಿನಲ್ಲಿಯೇ ಇದ್ದರೆ 108ಕ್ಕೆ ಕರೆಮಾಡಿ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.