ಬಿಗ್ ಬಜಾರ್ ಕೊನೆಗೆ ಯಾರ ಪಾಲಾಯ್ತು? ಹಿಂದಿನಿಂದ ಒಂದ್ಸಲ ನೋಡೋಣ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಬೆಂಗಳೂರಲ್ಲಿ ಮಕ್ಕಳಿರೋ ಮನೆಗಳಲ್ಲಿ ಹುಡುಕಿದ್ರೆ ಬಿಗ್ ಬಜಾರ್ ಕವರ್ ಒಂದಾದ್ರೂ ಸಿಗುತ್ತೆ, ಅಂಗಡಿ ಮಾತ್ರ ಈಗ ಇಲ್ಲ. ಹೆಸರು ಬದಲಾಗಿ ಸ್ಮಾರ್ಟ್ ಬಜಾರ್ ಆಗಿದೆ ಅಷ್ಟೇ ಅಂತಾರೆ ಕೆಲವ್ರು, ರಿಲಯನ್ಸ್‌ನೋರು ಕೊಂಡ್ಕೊಂಡ್ರು ಅಂತಾರೆ ಕೆಲವ್ರು, ಅಮೆಜಾನ್ ಕೇಸ್ ಹಾಕಿ ಮುಚ್ಚಿಸ್ತು ಅನ್ನೋರೂ ಇದಾರೆ. ಮೂರರಲ್ಲೂ ಒಂದಿಷ್ಟು ನಿಜ ಇದೆ, ಆದ್ರೆ ರಿಲಯನ್ಸ್ ಬಿಗ್ ಬಜಾರ್ ಕಂಪನಿನ ಕೊಂಡ್ಕೊಂಡೇ ಇಲ್ಲ, ಗೋಜಲು ಶುರುವಾಗೋದೇ ಇಲ್ಲಿ.

1987ರಲ್ಲಿ ಕಿಶೋರ್ ಬಿಯಾನಿ ಶುರು ಮಾಡಿದ ಮ್ಯಾನ್ಸ್ ವೇರ್ ಅನ್ನೋ ಪ್ಯಾಂಟ್ ಕಂಪನಿ ಮುಂದೆ ಪ್ಯಾಂಟಲೂನ್ ಆಯ್ತು, 1997ರಲ್ಲಿ ಕೋಲ್ಕತ್ತಾದಲ್ಲಿ ದೊಡ್ಡ ಬಟ್ಟೆ ಅಂಗಡಿ ತೆಗೀತು, 2001ರಲ್ಲಿ ಬಿಗ್ ಬಜಾರ್ ಬಂತು. ಅದಕ್ಕೆ ಮಾದರಿ ಚೆನ್ನೈ ಟಿ. ನಗರದ ಸರವಣಾ ಸ್ಟೋರ್ಸ್ ಅಂತ ಬಿಯಾನಿ ಅವರೇ ಹೇಳ್ಕೊಂಡಿದಾರೆ. ಹಂಗಾಗಿ ಎಸಿ, ಟ್ರಾಲಿ ಎಲ್ಲ ಇದ್ರೂ ಒಳಗೆ ನೂಕುನುಗ್ಗಲು ಬೇಕಂತಲೇ ಇಟ್ಟಿದ್ದು, ಅಕ್ಕಿ ಬೇಳೆ ತೆರೆದೇ ಇರೋದು, ಗಾಂಧಿ ಬಜಾರಲ್ಲಿ ಬೇಳೆ ಅಂಗೈಲಿ ಹಾಕ್ಕೊಂಡು ನೋಡಿ ತಗೊಳ್ಳೋರಿಗೂ ಅಲ್ಲಿ ಮುಜುಗರ ಆಗ್ತಿರಲಿಲ್ಲ. 2006ರ ಜನವರಿ 26ಕ್ಕೆ ಅಗ್ಗದ ಸೇಲ್ ಇಟ್ಟಾಗ ಬಂದ ಜನಾನ ಸಂಭಾಳಿಸೋಕಾಗದೆ ಕೆಲವು ಕಡೆ ಬಾಗಿಲು ಹಾಕಬೇಕಾಯ್ತು.

ವ್ಯಾಪಾರ ಬೆಳೀತು, ಸಾಲಾನೂ ಬೆಳೀತು. 2012ರಲ್ಲಿ ಮೂಲದ ಪ್ಯಾಂಟಲೂನ್ಸನ್ನೇ ಆದಿತ್ಯ ಬಿರ್ಲಾ ಗ್ರೂಪಿಗೆ ಬಿಟ್ಟುಕೊಟ್ರು. ಸಾಲ ಇಳೀತಲ್ಲ, ಇನ್ನು ಸ್ವಲ್ಪ ಸುಧಾರಿಸ್ಕೋತಾರೆ ಅಂದ್ಕೊಂಡ್ರೆ ಎರಡೇ ವರ್ಷದಲ್ಲಿ ನೀಲಗಿರೀಸ್, ಆಮೇಲೆ ಈಸಿಡೇ, 2017ರಲ್ಲಿ ಹೈಪರ್‌ಸಿಟಿ ಅಂತ ಬೇರೆಯವರ ಅಂಗಡಿಗಳನ್ನ ಒಂದರ ಹಿಂದೆ ಒಂದು ಕೊಂಡ್ಕೊಂಡ್ರು. ನೀಲಗಿರೀಸ್ ಅಂದ್ರೆ 1905ರಲ್ಲಿ ಹಾಲು ಬೆಣ್ಣೆಯಿಂದ ಶುರುವಾಗಿ ಬೆಂಗಳೂರಿನ ಬ್ರಿಗೇಡ್ ರೋಡಲ್ಲಿ ತಲೆಮಾರುಗಳ ಕಾಲ ನಡೆದ ಅಂಗಡಿ, ಅಂಥದ್ದೂ ಈ ಲೆಕ್ಕದೊಳಗೆ ಬಂದು ಬಿತ್ತು.

2019ರ ಆಗಸ್ಟಲ್ಲಿ ಅಮೆಜಾನ್ ಬಂತು. ಹತ್ತಾರು ಬ್ರ್ಯಾಂಡ್ ಮಾರೋ ಅಂಗಡಿಗೆ ವಿದೇಶಿ ದುಡ್ಡು ಹಾಕೋಕೆ ನಮ್ಮಲ್ಲಿ ಕಟ್ಟುನಿಟ್ಟು ಜಾಸ್ತಿ, ಹಾಗಾಗಿ ನೇರವಾಗಿ ಅಂಗಡಿಗೆ ಹಾಕದೆ ಬಿಯಾನಿ ಅವರದ್ದೇ ಫ್ಯೂಚರ್ ಕೂಪನ್ಸ್ ಅನ್ನೋ ಬೇರೆ ಕಂಪನಿಲಿ 49% ಪಾಲು ತಗೊಂಡ್ರು, ಆ ಕಂಪನಿ ಹತ್ರ ಬಿಗ್ ಬಜಾರ್ ನಡೆಸೋ ಫ್ಯೂಚರ್ ರಿಟೇಲ್‌ನ ಚೂರು ಷೇರು ಇತ್ತು. ರಿಲಯನ್ಸ್ ಸೇರಿ ಕೆಲವರಿಗೆ ಅಂಗಡಿ ಮಾರಂಗಿಲ್ಲ ಅಂತ ಕರಾರಲ್ಲಿದೆ ಅನ್ನೋದು ಅಮೆಜಾನ್ ವಾದ. ಅಷ್ಟರಲ್ಲಿ ಕೊರೊನಾ ಬಂತು, ಅಂಗಡಿ ಬಾಗಿಲು ಹಾಕ್ತು, 2020ರ ಆಗಸ್ಟ್ 29ಕ್ಕೆ 24,713 ಕೋಟಿಗೆ ವ್ಯಾಪಾರ ಪೂರ್ತಿ ರಿಲಯನ್ಸಿಗೆ ಅಂತ ಘೋಷಣೆ ಆಯ್ತು. ಅಮೆಜಾನ್ ಸಿಂಗಾಪುರದ ಮಧ್ಯಸ್ಥಿಕೆಗೆ (ಕೋರ್ಟಿನ ಹೊರಗೆ ಜಗಳ ತೀರಿಸೋ ವ್ಯವಸ್ಥೆ) ಹೋಗಿ ಅಕ್ಟೋಬರಲ್ಲಿ ಈ ಮಾರಾಟಕ್ಕೆ ತಡೆ ತಂತು, ಆ ತಡೆ ಇಲ್ಲೂ ನಡಿಯುತ್ತೆ ಅಂತ 2021ರ ಆಗಸ್ಟ್ 6ಕ್ಕೆ ಸುಪ್ರೀಂ ಕೋರ್ಟ್ ಹೇಳ್ತು, ಡಿಸೆಂಬರಲ್ಲಿ ನೋಡಿದ್ರೆ ಸ್ಪರ್ಧಾ ಆಯೋಗ ಅಮೆಜಾನ್‌ನ 2019ರ ವ್ಯವಹಾರದ ಒಪ್ಪಿಗೆನೇ ಅಮಾನತು ಮಾಡಿ 202 ಕೋಟಿ ದಂಡ ಹಾಕ್ತು. ಓದಿದ್ರೆ ತಲೆ ತಿರುಗುತ್ತೆ ಮಾರಾಯ್ರೆ.

ನನ್ನ ಕೇಳಿದ್ರೆ ಅಸಲಿ ಕಥೆ ಕೋರ್ಟಲ್ಲಿ ನಡೀಲೇ ಇಲ್ಲ, ಬಾಡಿಗೆ ಪತ್ರದಲ್ಲಿ ನಡೀತು. ಬಿಗ್ ಬಜಾರ್ ಕಟ್ಟಡಗಳಲ್ಲಿ ಹೆಚ್ಚಿನವು ಬಾಡಿಗೆಯವು. ಕೊರೊನಾ ಟೈಮಲ್ಲಿ ಬಾಡಿಗೆ ನಿಂತು ಕಟ್ಟಡದವರು ಖಾಲಿ ಮಾಡಿ ಅನ್ನೋಕೆ ಶುರು ಮಾಡಿದಾಗ ರಿಲಯನ್ಸ್ ಕಡೆಯ ಕಂಪನಿಗಳು ಆ ಕಟ್ಟಡಗಳ ಲೀಸನ್ನ ತಮ್ಮ ಹೆಸರಿಗೆ ಮಾಡ್ಕೊಂಡು ಅದೇ ಜಾಗನ ಫ್ಯೂಚರ್‌ಗೆ ಒಳಬಾಡಿಗೆಗೆ ಕೊಟ್ವು, ಸಾಮಾನನ್ನೂ ಪೂರೈಸಿದ್ವು. ಆಗ ಅದು ಸಹಾಯದ ಥರಾನೇ ಕಾಣ್ತಿತ್ತು. ಮಲೆನಾಡೋರಿಗೆ ಇದು ಹೊಸದೇನಲ್ಲ, 1951ರ ಕಾಗೋಡು ಸತ್ಯಾಗ್ರಹ ನಡೆದಿದ್ದೇ ಗೇಣಿ ವಿಚಾರಕ್ಕೆ, ಗದ್ದೆ ಉತ್ತು ಬಿತ್ತಿದೋರು ಯಾರೇ ಇರ್ಲಿ ಗೇಣಿ ಬಾಕಿ ಬಿತ್ತು ಅಂದ್ರೆ ಧಣಿ ಮನೇಲಿ ಏನಾಗ್ತಿತ್ತು ಅಂತ ಹಳಬರಿಗೆ ಗೊತ್ತು. ಇಲ್ಲೂ ಬಾಕಿ ಬಿತ್ತು. 2022ರ ಫೆಬ್ರವರಿ ಕೊನೆಲಿ ಒಳಬಾಡಿಗೆ ರದ್ದು ಮಾಡಿ ಅಂಗಡಿಗಳನ್ನ ವಶಕ್ಕೆ ತಗೊಂಡ್ರು, ಒಂದು ವಾರಾಂತ್ಯದಲ್ಲಿ ಬಾಗಿಲು ಮುಚ್ಚಿದ್ದು ಮುಂದೆ ಬೋರ್ಡ್ ಬದಲಾಗಿ ತೆರೀತು. ಆಮೇಲೆ ಕಂಪನಿಯೇ ಷೇರುಪೇಟೆಗೆ ತಿಳಿಸಿದ ಪ್ರಕಾರ ಫ್ಯೂಚರ್ ರಿಟೇಲ್ ಒಂದರದ್ದೇ 835 ಅಂಗಡಿ. ನಮಗೂ ಇದು ಅಚ್ಚರಿ ಅಂತ ಫ್ಯೂಚರ್ ಹೇಳ್ತು, ಇದು ಕಣ್ಣಿಗೆ ಮಣ್ಣೆರಚೋ ಕೆಲಸ ಅಂತ ಅಮೆಜಾನ್ ಪೇಪರಲ್ಲಿ ಜಾಹೀರಾತೇ ಕೊಡ್ತು, ಬಾಕಿ ಕೊಡ್ಲಿಲ್ಲ ಕರಾರು ಮುಗೀತು ಅನ್ನೋದು ಇನ್ನೊಂದು ಕಡೆಯ ಮಾತು. ಯಾರ ಮಾತು ಸರಿ ಅನ್ನೋದು ಓದೋರಿಗೆ ಬಿಟ್ಟಿದ್ದು, ಆದ್ರೆ ಯಾರಿಗೆ ಮಾರಬಹುದು ಅಂತ ಮೂರು ಕಡೆ ವಾದ ನಡೀತಿರೋವಾಗ್ಲೇ ಮಾರೋ ವಸ್ತುನೇ ಕೈಜಾರಿತ್ತು.

ಆಮೇಲಿನದ್ದು ಬೇಗ ಮುಗೀತು. ಏಪ್ರಿಲಲ್ಲಿ ಸಾಲ ಕೊಟ್ಟ ಬ್ಯಾಂಕುಗಳ ವೋಟಲ್ಲಿ ಸುಮಾರು 69% ವಿರೋಧ ಬಿದ್ದು ಆ 24,713 ಕೋಟಿ ವ್ಯವಹಾರ ಬಿದ್ದೋಯ್ತು, ಜುಲೈಲಿ ಬ್ಯಾಂಕ್ ಆಫ್ ಇಂಡಿಯಾ ಅರ್ಜಿ ಮೇಲೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯ್ತು, ಒಪ್ಪಿಗೆ ಆಗೋ ಗಿರಾಕಿ ಸಿಗದೆ 2024ರ ಜುಲೈಲಿ ಮುಚ್ಚಿ ಆಸ್ತಿ ಮಾರಿ ಅಂತ ಆದೇಶ ಬಂತು.

ಹಂಗಾಗಿ ಈಗಿನ ಸ್ಮಾರ್ಟ್ ಬಜಾರ್‌ಗೆ ಹಳೇ ಕಂಪನಿಯ ಸಾಲ ಅಂಟಿಕೊಂಡು ಬಂದಿಲ್ಲ. ಕೆಲಸದವರು ಎಷ್ಟೋ ಜನಕ್ಕೆ ಅಲ್ಲೇ ಕೆಲಸ ಕೊಡ್ತೀವಿ ಅಂದ್ರು, ಒಳ್ಳೇದೇ. ಸಾಲಕ್ಕೆ ಮಾಲು ಹಾಕಿದೋರದ್ದು ಮಾತ್ರ ಬೇರೆ ಕಥೆ. ಆಸ್ತಿ ಮಾರಿ ಬಂದ ದುಡ್ಡಲ್ಲಿ ಮೊದಲು ಪ್ರಕ್ರಿಯೆಯ ಖರ್ಚು, ಆಮೇಲೆ ಕಾರ್ಮಿಕರ ಬಾಕಿ ಜೊತೆ ಅಡಮಾನ ಇಟ್ಕೊಂಡ ಬ್ಯಾಂಕು, ಆಮೇಲೆ ಉಳಿದ ನೌಕರರ ಸಂಬಳ, ಅಡಮಾನ ಇಲ್ಲದ ಸಾಲ, ಸರ್ಕಾರದ ಬಾಕಿ, ಇಷ್ಟೆಲ್ಲ ಆಗಿ ಏನಾದ್ರೂ ಮಿಕ್ಕಿದ್ರೆ ಹಪ್ಪಳ, ಉಪ್ಪಿನಕಾಯಿ, ಬಟ್ಟೆ ಕೊಟ್ಟೋರ ಬಿಲ್ಲು, ಷೇರು ತಗೊಂಡೋರು ಅವರಿಗಿಂತಲೂ ಹಿಂದೆ.